ಕಾರ್ಬನ್ ನಾರು ಮೊದಲು ತಂಬೂರಿಗೆ ಬರಲಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಸಂಗೀತ ಕಲಿಯುವ ಮಕ್ಕಳ ತಂದೆತಾಯಿಗಳಿಂದ ಫೋನು ಶುರುವಾಗುತ್ತದೆ. ಮೊದಲೆಲ್ಲ ಯಾವ ಗುರುಗಳ ಹತ್ತಿರ ಕಳಿಸಬೇಕು, ಹಾರ್ಮೋನಿಯಂ ಎಷ್ಟಕ್ಕೆ ಸಿಗುತ್ತದೆ ಎಂದು ಕೇಳುತ್ತಿದ್ದರು. ಈಚೆಗೆ ಕೊಟ್ಟೂರು, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಲ್ಲ ಕಡೆಯಿಂದಲೂ ಬೇರೊಂದು ಪ್ರಶ್ನೆ ಬರುತ್ತಿದೆ. “ಸರ್, ಕಾರ್ಬನ್ ಫೈಬರ್ ಪಿಟೀಲು, ಗಿಟಾರು ಬಂದಾವಂತಲ್ಲ, ಎಂಥ ಬಿಸಿಲಿಗೂ ಬಿರುಕು ಬಿಡಂಗಿಲ್ಲಂತೆ, ತಗೋಬಹುದಾ?” ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳುವುದಕ್ಕಿಂತ ಈ ವಾರ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಉತ್ತರ ಚಿಕ್ಕದು. ನಮ್ಮ ಬಿಸಿಲು ಸೀಮೆಗೆ ಈ ವಸ್ತುವಿನಿಂದ ಯಾವ ವಾದ್ಯ ಮೊದಲು ಆಗಬೇಕು ಎಂಬುದು ದೊಡ್ಡದು. ಅದರ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ.

ಈ ಪ್ರಶ್ನೆ ನಮ್ಮ ಭಾಗದಲ್ಲೇ ಇಷ್ಟು ಜೋರಾಗಿ ಏಳುವುದಕ್ಕೆ ಕಾರಣ ಇಲ್ಲಿನ ಹವೆ. ನಮ್ಮ ಭಾಗದ ಹಲವಾಗಲು ತುಂಗಭದ್ರೆಯ ದಂಡೆಯ ಊರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಗರ್ಭಗುಡಿ ಗ್ರಾಮಕ್ಕೆ ಹೋಗುವ ರಸ್ತೆ ನೀರಿನಡಿ ಸೇರುತ್ತದೆ, ಮನೆಯೊಳಗಿನ ಹಾಸಿಗೆ ಹೊದಿಕೆಯೂ ತಣ್ಣಗೆ ತೇವ ಹಿಡಿಯುತ್ತದೆ. ಅದೇ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಒಣ ಝಳಕ್ಕೆ ಬಾಗಿಲ ಚೌಕಟ್ಟು ಒಣಗಿ ಕದ ಸಡಿಲಾಗುತ್ತದೆ. ಮರವನ್ನು ಕಡಿದು, ಒಣಗಿಸಿ, ಮೆರುಗೆಣ್ಣೆ ಹಚ್ಚಿದ ಮೇಲೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಎಳೆಯ ಉದ್ದಕ್ಕೆ ಅದರ ಅಳತೆ ಬದಲಾಗುವುದು ತೀರ ಕಡಿಮೆ. ಅಡ್ಡಕ್ಕೆ ಮಾತ್ರ ಕಣ್ಣಿಗೆ ಕಾಣುವಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಬಾಗಿಲಾದರೆ ಬಡಗಿ ಉಜ್ಜುಗೊರಡು ಹಾಕಿ ಸರಿ ಮಾಡಿಯಾನು. ಎರಡು ಮೂರು ಮಿಲಿಮೀಟರ್ ದಪ್ಪದ ಪಿಟೀಲಿನ ಮೇಲ್ಹಲಗೆ ಹೀಗೆ ಎಳೆದಾಡಿದರೆ ಎಳೆಯ ಗುಂಟ ಸೀಳುತ್ತದೆ.

ಪ್ರತಿ ವಾದ್ಯಕ್ಕೂ ಈ ಹವೆಯಲ್ಲಿ ತನ್ನದೇ ಕಾಯಿಲೆ. ಪಿಟೀಲನ್ನು ಪ್ರಾಣಿಜನ್ಯ ಅಂಟಿನಿಂದ ಕೂಡಿಸಿರುತ್ತಾರೆ. ಬೇಕೆಂದಾಗ ಬಿಚ್ಚಿ ರಿಪೇರಿ ಮಾಡಲೆಂದೇ ಹಾಗೆ ಮಾಡುವುದು. ಸೆಕೆ ಹೆಚ್ಚಾದಾಗ ಅದೇ ಅಂಟು ಸಡಿಲಾಗಿ ಅಂಚು ಬಾಯಿ ಬಿಡುತ್ತದೆ. ಬಿರಡೆಗಳು ಒಣ ಹವೆಯಲ್ಲಿ ಜಾರುತ್ತವೆ, ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತವೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ. ತಂಬೂರಿಯದು ಇನ್ನೂ ದೊಡ್ಡ ಸಮಸ್ಯೆ. ಅದರ ಉದ್ದನೆಯ ಪೊಳ್ಳು ದಂಡಿಯನ್ನು ನಾಲ್ಕು ತಂತಿಗಳು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತವೆ. ಮಳೆಗಾಲ, ಬೇಸಿಗೆ ಹಲವು ಸಲ ತಿರುಗಿದ ಮೇಲೆ ದಂಡಿ ಮುಂದಕ್ಕೆ ಬಾಗುತ್ತದೆ, ತಂತಿ ಕುದುರೆಯ ಮೇಲೆ ಕೂರುವ ಕೋನ ಬದಲಾಗುತ್ತದೆ, ನಾದ ಸಾಯುತ್ತದೆ. ಅದನ್ನು ಸರಿಮಾಡುವ ಕೈ ನಮ್ಮ ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಹುಬ್ಬಳ್ಳಿಗೋ ಮೀರಜ್‌ಗೋ ಹೊರಬೇಕು. ಬಸ್ಸಿನಲ್ಲಿ ತಂಬೂರಿ ಒಯ್ಯುವುದು ಎಷ್ಟು ತ್ರಾಸಿನ ಕೆಲಸ ಎಂಬುದು ಒಯ್ದವರಿಗೇ ಗೊತ್ತು. ನಮ್ಮ ಕಡೆ ಎಷ್ಟೋ ಮನೆ, ಮಠ, ಭಜನಾ ಮಂದಿರಗಳಲ್ಲಿ ತಂತಿ ಇಳಿಸಿದ ತಂಬೂರಿ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವುದನ್ನು ಕಂಡಿದ್ದೇನೆ. ಬಿಸಾಡಲು ಮನಸ್ಸಿಲ್ಲ, ಸರಿಮಾಡಿಸಲು ದಾರಿಯಿಲ್ಲ.

ಇನ್ನು ಕಾರ್ಬನ್ ಫೈಬರ್ ಎಂದರೇನು ನೋಡೋಣ. ಪಾಲಿಆಕ್ರಿಲೊನೈಟ್ರೈಲ್ ಎಂಬ ಕೃತಕ ನೂಲನ್ನು ಎಳೆದು ಹಿಡಿದು ಮೊದಲು ಗಾಳಿಯಲ್ಲಿ ಹದವಾಗಿ ಕಾಯಿಸುತ್ತಾರೆ. ಆಮೇಲೆ ಆಮ್ಲಜನಕ ತಾಗದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿ ಸುಡುತ್ತಾರೆ. ಉಳಿಯುವುದು ಬಹುಪಾಲು ಇಂಗಾಲವೇ ಆದ ಕಪ್ಪು ಎಳೆ. ಒಂದೊಂದು ಎಳೆಯ ದಪ್ಪ ಸುಮಾರು 5ರಿಂದ 10 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಭಾಗ. ಇಂಥ ಸಾವಿರಾರು ಎಳೆಗಳನ್ನು ಬಟ್ಟೆಯಂತೆ ನೇಯ್ದೋ ಒಂದೇ ದಿಕ್ಕಿಗೆ ಹಾಸಿಯೋ ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಕೂರಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಮಾಳಿಗೆ ಮನೆಗಳ ಗೋಡೆಗೆ ಹುಲ್ಲು ಬೆರೆಸಿ ಮಣ್ಣು ತುಳಿಯುತ್ತಾರಲ್ಲ, ಅದೇ ಲೆಕ್ಕ: ಎಳೆತವನ್ನು ನಾರು ತಡೆಯುತ್ತದೆ, ನಾರನ್ನು ಅಂಟು ಹಿಡಿದಿಡುತ್ತದೆ. ಇದು ತೇವ ಕುಡಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಿಸಿಗೆ ಹಿಗ್ಗುವುದೂ ಹಾಗೆಯೇ.

ಹಾಗೆ ನೋಡಿದರೆ ಮರವೂ ನಾರಿನದೇ ವಸ್ತು. ಸೆಲ್ಯುಲೋಸ್ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದುಕೊಂಡರೆ ಅದೇ ಮರ. ಪಿಟೀಲಿನ ಮೇಲ್ಹಲಗೆಗೆ ಬಳಸುವ ಯುರೋಪಿನ ಸ್ಪ್ರೂಸ್ ಮರಕ್ಕೆ ಎಳೆಯ ಉದ್ದಕ್ಕೆ ಇರುವ ಬಿಗುವು ಅಡ್ಡಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಲಗೆ ಯಾವ ಸ್ವರಕ್ಕೆ ಹೇಗೆ ಕಂಪಿಸುತ್ತದೆ ಎಂಬುದರಲ್ಲಿ ಈ ವ್ಯತ್ಯಾಸದ ಪಾಲೂ ಇದೆ. ಕಾರ್ಬನ್ ಹಲಗೆ ಮಾಡುವವನು ಎಳೆಗಳನ್ನು ಯಾವ ದಿಕ್ಕಿಗೆ ಎಷ್ಟು ಹಾಸಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಮರ ಕೆತ್ತುವವನು ಮರ ಕೊಟ್ಟಿದ್ದನ್ನು ಓದಿಕೊಂಡು ಕೆಲಸ ಮಾಡುತ್ತಾನೆ. ಇಬ್ಬರದೂ ನಾರಿನ ಜೊತೆಗಿನ ಕೆಲಸವೇ. ನಮ್ಮ ಕಿನ್ನರಿ ಜೋಗಿಗಳು ಬಿದಿರಿನ ದಂಡಕ್ಕೆ ಸೋರೆಬುರುಡೆ ಕಟ್ಟಿದಾಗ ಮಾಡಿದ್ದೂ ಇದನ್ನೇ. ಬಿದಿರು ಉದ್ದುದ್ದ ನಾರು ಒತ್ತೊತ್ತಾಗಿ ಜೋಡಿಸಿಕೊಂಡ ಪೊಳ್ಳು ಕೊಳವೆ, ಬುರುಡೆ ತೆಳ್ಳಗಿನ ಹಗುರ ಚಿಪ್ಪು. ಹಗುರವಾಗಿ, ಬಿಗುವಾಗಿ, ದೊಡ್ಡ ಮರ ಕಡಿಯದೆ ವಾದ್ಯ ಕಟ್ಟುವ ಜಾಣ್ಮೆ ಈ ನೆಲಕ್ಕೆ ಹೊಸದಲ್ಲ.

ಹೊರಗಿನ ಪ್ರಪಂಚದಲ್ಲಿ ಈ ದಾರಿ ತೆರೆದವರು ವಾದ್ಯದಂಗಡಿಯವರಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ಕಟ್ಟುತ್ತಿದ್ದ ಎಂಜಿನಿಯರ್, ಜೊತೆಗೆ ಗಿಟಾರ್ ವಾದಕ. ಕಂಪನವನ್ನು ಅಡಗಿಸುವುದು ಹೆಲಿಕಾಪ್ಟರಿನ ಕೆಲಸವಾದರೆ ಅದನ್ನು ಅರಳಿಸುವುದು ವಾದ್ಯದ ಕೆಲಸ. ಆ ತಿಳಿವಳಿಕೆಯಿಂದಲೇ 1966ರಲ್ಲಿ ಗಾಜಿನ ನಾರಿನ ದುಂಡು ಬೆನ್ನಿನ ಓವೇಷನ್ ಗಿಟಾರ್ ಬಂತು. ಬಾಸ್ಟನ್ ಸಿಂಫನಿಯ ಚೆಲ್ಲೋ ವಾದಕ ಲೂಯಿಸ್ ಲೆಗಿಯಾ ಹಾಯಿದೋಣಿಯ ಹವ್ಯಾಸಿ. ತನ್ನ ದೋಣಿಯ ಒಡಲು ನೀರಿನ ಮೇಲೆ ಗುಂಯ್‌ಗುಡುವುದನ್ನು ಕೇಳಿ, ಇದೇ ಬಗೆಯ ವಸ್ತುವಿನಿಂದ ಚೆಲ್ಲೋ ಏಕಾಗಬಾರದು ಎಂದು ಹೊರಟರು. ದೋಣಿ ಕಟ್ಟುವ ಸ್ಟೀವ್ ಕ್ಲಾರ್ಕ್ ಜೊತೆಗೂಡಿದ ಮೇಲೆ ‘ಲೂಯಿಸ್ ಅಂಡ್ ಕ್ಲಾರ್ಕ್’ ಹೆಸರಿನಲ್ಲಿ ಕಾರ್ಬನ್ ಚೆಲ್ಲೋ, ಪಿಟೀಲುಗಳು ಬಂದವು. ಮಳೆ, ತೇವ ಹೆಚ್ಚಿರುವ ಹವಾಯಿ ದ್ವೀಪದಲ್ಲಿ ರೈನ್‌ಸಾಂಗ್ ಎಂಬ ಕಾರ್ಬನ್ ಗಿಟಾರ್ ಹುಟ್ಟಿತು. ಹವೆಯ ಕಾಟ ಎಲ್ಲಿ ಹೆಚ್ಚೋ ಅಲ್ಲೇ ಪರಿಹಾರದ ಹುಡುಕಾಟವೂ ನಡೆದಿದೆ.

2009ರ ಜನವರಿ 20ರಂದು ಬರಾಕ್ ಒಬಾಮ ಅಧಿಕಾರ ಸ್ವೀಕರಿಸಿದ ಬಯಲು ಸಮಾರಂಭದಲ್ಲಿ ಹೆಸರಾಂತ ವಾದಕ ಯೋ-ಯೋ ಮಾ ಚೆಲ್ಲೋ ನುಡಿಸಬೇಕಿತ್ತು. ಕೊರೆಯುವ ಚಳಿಯಲ್ಲಿ ಮರದ ವಾದ್ಯದ ಶ್ರುತಿ ನಿಲ್ಲುವುದಿಲ್ಲ, ತಂತಿ ಹರಿಯುವ ಭಯ ಬೇರೆ. ಕಾರ್ಬನ್ ಚೆಲ್ಲೋ ಹಿಡಿಯಲೇ ಎಂದು ಅವರು ಯೋಚಿಸಿದರಂತೆ. ಕಪ್ಪಗೆ ವಿಚಿತ್ರವಾಗಿ ಕಾಣುವ ವಾದ್ಯ ಜನರ ಗಮನವನ್ನೆಲ್ಲ ಸೆಳೆದೀತು ಎಂದು ಬಿಟ್ಟರು. ಕೊನೆಗೆ ಕಲಾವಿದರು ಮೊದಲೇ ಧ್ವನಿಮುದ್ರಿಸಿದ ಸಂಗೀತಕ್ಕೆ ಸರಿಯಾಗಿ ವೇದಿಕೆಯ ಮೇಲೆ ಕೈಯಾಡಿಸಿದರು. ಅಷ್ಟು ದೊಡ್ಡ ಕಲಾವಿದ ಕೂಡ ಹಿಂಜರಿದದ್ದು ನಾದದ ಕಾರಣಕ್ಕಲ್ಲ, ರೂಪದ ಕಾರಣಕ್ಕೆ. ಹೊಸ ವಸ್ತುವಿನ ವಾದ್ಯಕ್ಕೆ ಕಿವಿಗಿಂತ ಮೊದಲು ಕಣ್ಣು ತಕರಾರು ತೆಗೆಯುತ್ತದೆ.

ಹಾಗಾದರೆ ನಾದ ಹೇಗಿದೆ? ಬೆಂಗಳೂರಿನ ಪರಿಚಯದವರೊಬ್ಬರ ಮನೆಯಲ್ಲಿ ಒಳ್ಳೆಯ ಕಾರ್ಬನ್ ಪಿಟೀಲನ್ನು ಹತ್ತಿರ ಕೂತು ಕೇಳಿದ್ದೇನೆ. ಧ್ವನಿ ದೊಡ್ಡದು, ಸ್ಪಷ್ಟ, ಕಮಾನು ತಾಗಿದ ಕೂಡಲೇ ಬರುತ್ತದೆ. ಕೆಳಗಿನ ಎರಡು ತಂತಿಗಳು ತುಂಬ ಚೆನ್ನ. ಮೇಲಿನ ಷಡ್ಜದ ಹತ್ತಿರ ನನಗೆ ಕೊಂಚ ಹರಿತ ಎನಿಸಿತು. ಅದಕ್ಕೆ ಭೌತಿಕ ಕಾರಣವಿದೆ. ಮರ ತನ್ನೊಳಗಿನ ಘರ್ಷಣೆಯಿಂದ ಎತ್ತರದ ಉಪಸ್ವರಗಳನ್ನು ಹೆಚ್ಚು ನುಂಗುತ್ತದೆ, ಕೆಳಗಿನವನ್ನು ಬಿಡುತ್ತದೆ. ನಾವು ಮಾಧುರ್ಯ ಎನ್ನುವುದರಲ್ಲಿ ಈ ನುಂಗುವಿಕೆಯ ಪಾಲೂ ಇದೆ. ಕಾರ್ಬನ್ ಹಾಳೆ ಅಷ್ಟಾಗಿ ನುಂಗುವುದಿಲ್ಲ. ಪದರಗಳ ನಡುವೆ ಹಗುರವಾದ ಬೇರೆ ವಸ್ತು ಸೇರಿಸಿ ಈ ಗುಣವನ್ನು ತಿದ್ದಲು ತಯಾರಕರು ಕೆಲಸ ಮಾಡುತ್ತಲೇ ಇದ್ದಾರೆ.

ಆದರೆ ನಮ್ಮ ಕಿವಿಯ ತೀರ್ಪನ್ನೂ ಅತಿಯಾಗಿ ನಂಬಬಾರದು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲಾಡಿಯಾ ಫ್ರಿಟ್ಜ್, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿದರು. 21 ನುರಿತ ವಾದಕರಿಗೆ ಕಣ್ಣು ಕಾಣದಂತೆ ಕಪ್ಪು ಕನ್ನಡಕ ಹಾಕಿ ಮೂರು ಹೊಸ ಪಿಟೀಲು, ಮೂರು ಹಳೆಯ ಇಟಲಿ ಪಿಟೀಲು ಕೊಟ್ಟರು. ಹಳೆಯವುಗಳಲ್ಲಿ ಎರಡು ಸ್ಟ್ರಾಡಿವರಿ. ಹೆಚ್ಚು ಜನ ಮೆಚ್ಚಿದ್ದು ಹೊಸದೊಂದನ್ನು, ಎಲ್ಲಕ್ಕಿಂತ ಕಡಿಮೆ ಮೆಚ್ಚಿದ್ದು ಒಂದು ಸ್ಟ್ರಾಡಿವರಿಯನ್ನು. ಆರೂ ಮರದವೇ, ಆದ್ದರಿಂದ ಈ ಪರೀಕ್ಷೆ ಕಾರ್ಬನ್ನಿನ ಪರ ಸಾಕ್ಷಿಯಲ್ಲ. ವಾದ್ಯದ ಹೆಸರು, ವಯಸ್ಸು, ಬೆಲೆ ಗೊತ್ತಿದ್ದಾಗ ನಮ್ಮ ಕಿವಿ ಹೇಗೆ ಬಾಗುತ್ತದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಲಗೆಯ ವಸ್ತು ಪಿಟೀಲಿನಲ್ಲಿ ಎಷ್ಟು ಮುಖ್ಯವೋ ನಮ್ಮ ತಂಬೂರಿಯಲ್ಲಿ ಅಷ್ಟು ಮುಖ್ಯವಲ್ಲ. ಇದಕ್ಕೆ ಆಧಾರ ಸಿ.ವಿ. ರಾಮನ್ ಅವರ ಕೆಲಸ. ಬೆಂಗಳೂರಿಗೆ ಬರುವ ಮುಂಚೆ, 1921ರಲ್ಲಿ, ಅವರು ಭಾರತದ ತಂತಿವಾದ್ಯಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಸಾಮಾನ್ಯವಾಗಿ ತಂತಿಯನ್ನು ನಟ್ಟ ನಡುವೆ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ, ವೀಣೆಗಳಲ್ಲಿ ಅವು ಹುಟ್ಟುತ್ತವೆ, ಗಟ್ಟಿಯಾಗಿಯೇ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಗುಟ್ಟು ಇರುವುದು ಕುದುರೆಯಲ್ಲಿ. ಪಿಟೀಲಿನ ಕುದುರೆ ಚೂಪು, ತಂತಿ ಒಂದೇ ಬಿಂದುವಿನಲ್ಲಿ ಕೂರುತ್ತದೆ. ನಮ್ಮ ಕುದುರೆ ಅಗಲ, ಬೆನ್ನು ತುಸು ಉಬ್ಬು. ತಂತಿ ಕಂಪಿಸುವಾಗ ಆ ಉಬ್ಬನ್ನು ಸವರುತ್ತ, ಬಿಡುತ್ತ ಹೋಗುತ್ತದೆ. ತಂಬೂರಿಯಲ್ಲಿ ತಂತಿಯಡಿ ನೂಲಿನ ಜೀವಾಳ ಸೇರಿಸಿ ಆ ಸವರುವಿಕೆಯನ್ನು ಹದ ಮಾಡುತ್ತೇವೆ. ಪ ಸ ಸ ಸ ಮೀಟಿದಾಗ ಗಾಂಧಾರ ತಾನಾಗಿಯೇ ಕೇಳಿಸುವುದು ಇದರಿಂದ.

ತಂಬೂರಿಯ ಪ್ರಾಣ ಕುದುರೆ, ಜೀವಾಳಗಳಲ್ಲಿ ಇದೆ ಎಂದಾದರೆ ದಂಡಿಯಿಂದ ನಮಗೆ ಬೇಕಾದ್ದು ಮುಖ್ಯವಾಗಿ ಒಂದೇ ಗುಣ: ಬಾಗದೆ ನಿಲ್ಲುವುದು. ಬಾಗದಿರುವುದರಲ್ಲಿ ಕಾರ್ಬನ್ ನಾರನ್ನು ಮೀರಿಸುವ ಹಗುರ ವಸ್ತು ಬಹಳ ಇಲ್ಲ. ಹಲಗೆ ಮರದ್ದೇ ಇರಲಿ, ಬುರುಡೆ ಸೋರೆಯದೇ ಇರಲಿ, ದಂಡಿಯೊಂದು ಕಾರ್ಬನ್ನಿನದಾದರೂ ನಮ್ಮ ಊರುಗಳ ತಂಬೂರಿಗಳಿಗೆ ಹತ್ತಾರು ವರ್ಷ ಆಯಸ್ಸು ಸೇರುತ್ತದೆ. ಪಿಟೀಲಿನ, ವೀಣೆಯ ಕಲಾವಿದರು ತಮ್ಮ ವಾದ್ಯದ ಬಣ್ಣ ಬದಲಾದರೆ ಒಪ್ಪಲಿಕ್ಕಿಲ್ಲ. ಗಮಕದ ಒಂದೊಂದು ಎಳೆತಕ್ಕೂ ಅವರ ಬೆರಳು ಆ ಮರಕ್ಕೆ ಹೊಂದಿಕೊಂಡಿರುತ್ತದೆ. ತಂಬೂರಿಯಿಂದ ಕೇಳುವುದು ಸ್ಥಿರ ಶ್ರುತಿಯನ್ನು. ಹೊಸ ವಸ್ತುವಿಗೆ ನಮ್ಮ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಮೊದಲ ಜಾಗ ನನಗೆ ಕಾಣುತ್ತಿಲ್ಲ.

ಇದು ಅಪಚಾರವಾಗುತ್ತದೆ ಎನ್ನುವವರಿಗೆ ನಮ್ಮದೇ ಜಿಲ್ಲೆಯ ಹಂಪಿಯನ್ನು ನೆನಪಿಸುತ್ತೇನೆ. 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ಅದರಲ್ಲಿ ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂಬ ಚರ್ಚೆಗೇ ಒಂದು ಪ್ರಕರಣವಿದೆ. ಅಚ್ಯುತರಾಯನ ಹೆಸರಿನ ಒಂದು ವೀಣೆಯೂ ಅಲ್ಲಿದೆ. ವಾದ್ಯವನ್ನು ಬಿಚ್ಚಿ, ಅಳೆದು, ಹೊಸದಾಗಿ ಹೊಂದಿಸುವ ಮಾತು ವಿಜಯನಗರದ ಆಸ್ಥಾನದಲ್ಲೇ ನಡೆದಿತ್ತು. ಪಿಟೀಲಂತೂ ಹೊರಗಿನಿಂದ ಬಂದು, 19ನೇ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರಂಥವರ ಕೈ ಹಿಡಿದು ನಮ್ಮದಾಯಿತು. ಅದರ ಮರ ಇಂದಿಗೂ ಬಹುಮಟ್ಟಿಗೆ ಯುರೋಪಿನ ಜಾತಿಯದೇ. ಮೈಸೂರು ಟಿ. ಚೌಡಯ್ಯನವರು ಮೈಕು ಇಲ್ಲದ ದೊಡ್ಡ ಸಭೆಗಳ ಕೊನೆಯ ಸಾಲಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದಿದೆ.

ವಸ್ತುವಿನ ಬದಲಾವಣೆಯೂ ಸದ್ದಿಲ್ಲದೆ ನಡೆದೇ ಇದೆ. ಹಿಂದೆ ಸಿತಾರ್, ತಂಬೂರಿಗಳ ಕುದುರೆಗೆ ಜಿಂಕೆ, ಕಡವೆಗಳ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತು ಮೂಳೆ, ಕರಿಮರ, ಕೃತಕ ವಸ್ತುಗಳು ಬಂದವು. ಚಿತ್ರವೀಣೆಯಲ್ಲಿ ತಂತಿಯ ಮೇಲೆ ಜಾರಿಸುವ ಕರಿಮರದ ದುಂಡಿನ ಜಾಗಕ್ಕೆ ಟೆಫ್ಲಾನ್ ಬಂದಿದೆ. ಬೆಂಗಳೂರಿನ ಕೆ. ವರದರಂಗನ್ ಚರ್ಮವಿಲ್ಲದ ಕೃತಕ ಮೃದಂಗ ಮಾಡಿದ್ದಾರೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ತಂದರು. ಅವರ ರೇಡಲ್ ಕಂಪನಿಯ ಪೆಟ್ಟಿಗೆ ಇಲ್ಲದ ಸಂಗೀತ ಪಾಠದ ಮನೆ ಸಿಗುವುದು ಅಪರೂಪ. ಒಬ್ಬರೇ ಅಭ್ಯಾಸಕ್ಕೆ ಕೂರುವವರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ.

ಆದರೂ ಒಂದು ನಷ್ಟ ಆಗಿದೆ, ಅದನ್ನು ಹೇಳಲೇಬೇಕು. ಪೆಟ್ಟಿಗೆಯಿಂದ ಮೊಬೈಲಿಗೆ ಬಂದ ಶ್ರುತಿಯನ್ನು ಮಗು ಕೇಳುತ್ತದೆಯೇ ಹೊರತು ಕೂಡಿಸುವುದಿಲ್ಲ. ತಂಬೂರಿಯ ಬಿರಡೆ ತಿರುಗಿಸಿ, ಮಣಿ ಜರುಗಿಸಿ, ಜೀವಾಳ ಹೊಂದಿಸಿ, ಎರಡು ತಂತಿಗಳ ನಡುವಿನ ಅಲೆ ನಿಧಾನವಾಗುತ್ತ ಆಗುತ್ತ ಕೊನೆಗೆ ಒಂದಾಗುವುದನ್ನು ಕೇಳಿಸಿಕೊಳ್ಳುವುದೇ ಒಂದು ಪಾಠ. ಆ ಪಾಠ ಕಲಿತ ಕಿವಿ ಮುಂದೆ ಯಾವ ಸ್ವರವನ್ನೂ ಅಂದಾಜಿನಲ್ಲಿ ಹಾಡುವುದಿಲ್ಲ. ನಮ್ಮ ಹಳ್ಳಿಗಳ ಮಕ್ಕಳಿಗೆ ಅದು ತಪ್ಪಿಹೋಗುತ್ತಿರುವುದು ಶ್ರದ್ಧೆ ಕಡಿಮೆಯಾಗಿ ಅಲ್ಲ, ಬಿಸಿಲಿಗೆ ಬಾಗದ ತಂಬೂರಿ ಸಿಗದೆ. ಮರದ ವಾದ್ಯವನ್ನು ಕಾರ್ಬನ್ ಕೊಲ್ಲುತ್ತದೆ ಎಂದು ಹೆದರುವವರಿದ್ದಾರೆ. ತಂಬೂರಿಯ ವಿಷಯದಲ್ಲಿ ಅದು ಉಳಿಸುವ ಕೆಲಸ ಮಾಡೀತು.

ಕಾಡಿನ ಮಾತೂ ಇಲ್ಲಿ ಬರುತ್ತದೆ. ಬೀಟೆ ಮಲೆನಾಡಿನ ಮರ, ಬೆಳೆಯುವುದು ನಿಧಾನ, ಕಡಿಯಲು ಸರ್ಕಾರದ ಕಟ್ಟುನಿಟ್ಟು. ಬೀಟೆಯ ಇಡೀ ಕುಲವನ್ನು 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ಹೊರದೇಶದ ಕನ್ನಡ ಕುಟುಂಬಗಳು ವೀಣೆ ಒಯ್ಯಲು ಕಾಗದಪತ್ರಕ್ಕೆ ಅಲೆಯಬೇಕಾಯಿತು. 2019ರ ಕೊನೆಯಲ್ಲಿ ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲಿನ ಬೀಟೆಗೆ ಆ ವಿನಾಯಿತಿ ಇಲ್ಲ. ಹಳೆಯ ಮೈಸೂರು ವೀಣೆಯಲ್ಲಿ ಆನೆದಂತದ ಕುಸುರಿ ಇದ್ದರೆ ಅದಕ್ಕೆ ಬೇರೆಯದೇ ಕಠಿಣ ಕಾನೂನು, ವಿದೇಶಕ್ಕೆ ಒಯ್ಯುವ ಮುಂಚೆ ವಿಚಾರಿಸಿಕೊಳ್ಳಿ.

ಹಾಗೆಂದು ಕಾರ್ಬನ್ ಎಂದರೆ ಪರಿಸರಸ್ನೇಹಿ ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಮೂಲ ಪೆಟ್ರೋಲಿಯಂ, ತಯಾರಿಕೆಗೆ ಬೇಕಾದ ವಿದ್ಯುತ್ತು ಅಪಾರ, ಮುರಿದ ಮೇಲೆ ಕರಗಿಸಿ ಮತ್ತೆ ಬಳಸುವುದು ಸುಲಭವಲ್ಲ. ತಂಜಾವೂರು ವೀಣೆಗೆ ಬಳಸುವ ಹಲಸು ಹಿತ್ತಲಲ್ಲಿ ನೆಟ್ಟು ಬೆಳೆಸಬಹುದಾದ ಮರ. ಅದರ ವೀಣೆಯನ್ನು ಕಾಡಿನ ಹೆಸರಿನಲ್ಲಿ ಬಿಡಬೇಕಾದ ಕಾರಣವಿಲ್ಲ. ಕಾರ್ಬನ್ನಿಗೆ ನಾನು ಹೂಂ ಎನ್ನುವುದು ಬಾಳಿಕೆಗಾಗಿ, ಅದೂ ಬಾಳಿಕೆ ನಿಜವಾಗಿ ಬೇಕಾದ ಕಡೆ.

ಈಗ ಕೊಳ್ಳುವವರಿಗೆ ನಾಲ್ಕು ಮಾತು. ಮಗು ಇನ್ನೂ ಬೆಳೆಯುತ್ತಿದ್ದರೆ ಕಾರ್ಬನ್ ಪಿಟೀಲು ಬೇಡ. ಕಾಲು, ಅರ್ಧ, ಮುಕ್ಕಾಲು ಅಳತೆ ದಾಟಿ ಪೂರ್ತಿ ಅಳತೆಗೆ ಬರುವವರೆಗೆ ವಾದ್ಯ ಬದಲಾಗುತ್ತಲೇ ಇರುತ್ತದೆ. ಹೆಸರುವಾಸಿ ತಯಾರಕರ ಕಾರ್ಬನ್ ಪಿಟೀಲಿನ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಆ ದುಡ್ಡಿನಲ್ಲಿ ಒಳ್ಳೆಯ ಮರದ ಪಿಟೀಲು ಕೊಂಡು ಹಲವು ವರ್ಷದ ಪಾಠದ ಫೀಸೂ ಕಟ್ಟಬಹುದು. ಅಗ್ಗಕ್ಕೆ ಸಿಗುವ ಗಿಟಾರುಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿಗೆ ತುಂಡು ನಾರು ಬೆರೆಸಿ ಅಚ್ಚಿಗೆ ಸುರಿದವು. ಉದ್ದ ನಾರನ್ನು ಹಾಸಿ ಮಾಡಿದ್ದರ ಗುಣವನ್ನು ಅವುಗಳಲ್ಲಿ ನಿರೀಕ್ಷಿಸಬೇಡಿ. ಪ್ರವಾಸಕ್ಕೆ, ಕಾಲೇಜಿನ ಹಾಸ್ಟೆಲಿಗೆ, ಬಯಲಿನ ಕಾರ್ಯಕ್ರಮಕ್ಕೆ ಅವು ಸಾಕು. ಕಾರ್ಬನ್ ಆದ ಮಾತ್ರಕ್ಕೆ ಶ್ರುತಿ ಇಳಿಯುವುದಿಲ್ಲ ಎಂದೂ ತಿಳಿಯಬೇಡಿ. ಒಡಲು ಹಿಗ್ಗದಿದ್ದರೂ ಉಕ್ಕಿನ ತಂತಿ ಬಿಸಿಗೆ ಹಿಗ್ಗುತ್ತದೆ, ಸ್ವರ ಇಳಿಯುತ್ತದೆ. ಕೆಲವು ಎಪಾಕ್ಸಿ ಅಂಟುಗಳು ಅತಿ ಬಿಸಿಯಲ್ಲಿ ಮೆತ್ತಗಾಗುತ್ತವೆ, ಆದ್ದರಿಂದ ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾರ್ಬನ್ ವಾದ್ಯವನ್ನೂ ಬಿಡಬಾರದು. ಕೊನೆಯದು ರಿಪೇರಿಯ ಮಾತು. ಸೀಳಿದ ಮರವನ್ನು ಅನುಭವಿ ಕೈ ಬಿಗಿದು ಅಂಟಿಸಿ ಮೊದಲಿನಂತೆ ಮಾಡುತ್ತದೆ. ಒಡೆದ ಕಾರ್ಬನ್ ಹಲಗೆಗೆ ನಮ್ಮ ಕಡೆ ಸದ್ಯಕ್ಕೆ ವೈದ್ಯರಿಲ್ಲ.

ಚೌಡಿಕೆ, ಏಕತಾರಿಗಳಿಗೂ ಇದು ಬೇಕೇ ಎಂದು ಕೇಳಿದವರಿದ್ದಾರೆ. ಬೇಡ ಎಂಬುದು ನನ್ನ ಅಭಿಪ್ರಾಯ. ಚೌಡಿಕೆಯ ಚರ್ಮ ತಂಪಿಗೆ ಸಡಿಲಾದರೆ ಜೋಗತಿಯರು ಬೆಂಕಿಯ ಹತ್ತಿರ ಹಿಡಿದು ಹದಕ್ಕೆ ತರುತ್ತಾರೆ, ತಂತಿ ಹರಿದರೆ ನಿಂತಲ್ಲೇ ಬೇರೆ ಕಟ್ಟುತ್ತಾರೆ. ನುಡಿಸುವವರೇ ಕಟ್ಟಿ, ಬಿಚ್ಚಿ, ತಿದ್ದುವ ವಾದ್ಯ ಅದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಆ ಪರಂಪರೆಯ ಹಾಡು, ಕುಣಿತಗಳಿಗೂ ದೇಶದ ಗೌರವ ಸಂದಿತು. ರಿಪೇರಿ ತನ್ನ ಕೈಯಲ್ಲೇ ಇರುವ ಕಲಾವಿದನಿಂದ ಆ ಸ್ವಾತಂತ್ರ್ಯ ಕಸಿದುಕೊಳ್ಳುವ ಯಾವ ಹೊಸ ವಸ್ತುವೂ ಸುಧಾರಣೆಯಲ್ಲ. ರಿಪೇರಿಗೆ ಮೀರಜ್ ಹಾದಿ ಹಿಡಿಯಬೇಕಾದ ತಂಬೂರಿಯದು ಬೇರೆ ಕಥೆ.

ಮೀರಜ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಉತ್ತರ ಕರ್ನಾಟಕದ ಗಾಯಕರ ಹಿಂದೆ ತಲೆಮಾರುಗಳಿಂದ ನುಡಿದಿರುವ ತಂಬೂರಿಗಳಲ್ಲಿ ಹೆಚ್ಚಿನವು ಅಲ್ಲಿನ ಕುಶಲಕರ್ಮಿಗಳ ಕೈಯವು. 2024ರಲ್ಲಿ ಮೀರಜ್‌ನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ನಾನು ಬಯಸುವ ತಂಬೂರಿ ಅವರನ್ನು ಬದಿಗೆ ಸರಿಸಿ ಹುಟ್ಟಬಾರದು. ಕುದುರೆಯ ಉಬ್ಬನ್ನು ಅರದಿಂದ ಉಜ್ಜಿ ನಾದ ತೆರೆಸುವ ಕೈಚಳಕ ಯಾವ ಅಚ್ಚಿನಲ್ಲೂ ಇಲ್ಲ, ಅದು ಅವರಲ್ಲಿದೆ. ಕಾರ್ಬನ್ ನಾರನ್ನು ಹಾಸುವ ಕಸುಬು ಬೆಂಗಳೂರಿನಲ್ಲಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾರ್ಬನ್ ನಾರಿನ ಸಂಯುಕ್ತ ವಸ್ತು. ಎಚ್‌ಎಎಲ್‌, ಎನ್‌ಎಎಲ್‌ ವಿಮಾನ ಸಂಸ್ಥೆಗಳಲ್ಲಿ ಈ ವಿದ್ಯೆಯಲ್ಲಿ ಪಳಗಿದ ಎಂಜಿನಿಯರುಗಳಿದ್ದಾರೆ. ನಿವೃತ್ತರಾಗಿ ಸಂಗೀತ ಸಭೆಗಳ ಮುಂದಿನ ಸಾಲಿನಲ್ಲಿ ಕೂರುವವರೂ ಅವರಲ್ಲಿ ಖಂಡಿತ ಇದ್ದಾರೆ. ಹೆಲಿಕಾಪ್ಟರ್ ಕಟ್ಟುವವನು ಗಿಟಾರ್ ಮಾಡಿದ, ದೋಣಿ ಕಟ್ಟುವವನು ಚೆಲ್ಲೋ ಮಾಡಿದ. ವಿಮಾನದ ರೆಕ್ಕೆ ಮಾಡಿದ ಊರಿಗೆ ತಂಬೂರಿಯ ದಂಡಿ ಭಾರವಾಗಬಾರದು.

ನನ್ನ ಕೋರಿಕೆ ಇಷ್ಟು. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜೋ ಪ್ರಯೋಗಾಲಯವೋ ಮೀರಜ್‌ನ ಒಬ್ಬ ತಂಬೂರಿ ಕಟ್ಟುವವರ ಜೊತೆ ಕೂತು ಕಾರ್ಬನ್ ದಂಡಿಯ ತಂಬೂರಿಯೊಂದನ್ನು ಮಾಡಲಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಕಣ್ಣಿಲ್ಲದೆಯೂ ಕಿವಿಯಿಂದಲೇ ಲೋಕ ಅಳೆಯುವ ವಿದ್ಯಾರ್ಥಿಗಳ ಮುಂದೆ ಮರದ ತಂಬೂರಿಯ ಪಕ್ಕ ಇಟ್ಟು ನುಡಿಸಲಿ. ವಸ್ತುವಿನ ಬಣ್ಣ, ಹೊಳಪು ನೋಡಿ ಮರುಳಾಗದ, ಹೆದರದ ಪರೀಕ್ಷಕರು ಅವರಿಗಿಂತ ಬೇರೆ ಯಾರಿದ್ದಾರೆ? ಅವರು ಒಪ್ಪಿದರೆ ಮೊದಲ ತಂಬೂರಿಗಳು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ಸರ್ಕಾರಿ ಶಾಲೆಗಳಿಗೆ ಬರಲಿ, ಎರಡು ಬೇಸಿಗೆ, ಎರಡು ಮಳೆಗಾಲ ಇಲ್ಲಿ ಇರಲಿ. ಆ ಮೇಲೆ ಬೆಲೆಯ ಲೆಕ್ಕ ಹಾಕೋಣ. ಅಲ್ಲಿಯವರೆಗೆ, ಫೋನು ಮಾಡುವ ತಂದೆತಾಯಿಗಳೇ, ಮಗುವಿಗೆ ಮರದ ವಾದ್ಯವನ್ನೇ ಕೊಡಿಸಿ, ಅದನ್ನು ಒಳಕೋಣೆಯಲ್ಲಿ, ಹೊರಗೋಡೆಗೂ ಕಿಟಕಿಗೂ ದೂರವಾಗಿ ಇಡಿ, ಪಿಟೀಲಾದರೆ ನುಡಿಸಿದ ಮೇಲೆ ಕಮಾನಿನ ಕೂದಲನ್ನು ಸಡಿಲಿಸುವುದನ್ನು ಕಲಿಸಿ. ಮನೆಯ ಮೂಲೆಯಲ್ಲಿ ಹಳೆಯ ತಂಬೂರಿ ನಿಂತಿದ್ದರೆ ಸೌದೆಗೆ ಹಾಕಬೇಡಿ. ಹೊಸ ದಂಡಿ ಬರುವ ದಿನಕ್ಕೆ ಅದರ ಬುರುಡೆ, ಕುದುರೆ, ಬಿರಡೆಗಳು ಬೇಕಾಗುತ್ತವೆ.